ಝೆರಾಕ್ಸ್ ಅಂಗಡಿಯಲ್ಲಿ ಮೂರು ವರ್ಷ ವಿಂಡೋಸ್ ಡಿಫೆಂಡರ್: ಹೇಗಿದೆ, ಎಲ್ಲಿ ಸಾಲದು

"ಅಣ್ಣಾ, ಪೆನ್‌ಡ್ರೈವ್‌ನಲ್ಲಿ ಪ್ರಾಜೆಕ್ಟ್ ಇದೆ. ಎರಡು ಕಾಪಿ, ಕವರ್ ಪೇಜ್ ಮಾತ್ರ ಕಲರ್, ಸ್ಪೈರಲ್ ಹಾಕಿಕೊಡಿ." ಬೆಳಗ್ಗೆ ಶಟರ್ ಎತ್ತಿ ಕಸ ಗುಡಿಸುವಷ್ಟರಲ್ಲಿ ಕೌಂಟರ್ ಮುಂದೆ ಈ ಮಾತು ಶುರುವಾಗುತ್ತದೆ. ನಮ್ಮದು ತಿಪಟೂರಿನಲ್ಲಿ ಒಂದು ಸಣ್ಣ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮೂರು ಕಂಪ್ಯೂಟರ್ ಇವೆ. ಕಾಲೇಜು ಹುಡುಗರ ಪ್ರಾಜೆಕ್ಟ್, ಲಗ್ನಪತ್ರಿಕೆ, ಪಹಣಿ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ, ಹೀಗೆ ದಿನಕ್ಕೆ ಇಪ್ಪತ್ತು ಮೂವತ್ತು ಪೆನ್‌ಡ್ರೈವ್ ನಮ್ಮ ಮೆಷಿನ್ನುಗಳಿಗೆ ಬಂದು ಹೋಗುತ್ತವೆ. ಅದರಲ್ಲಿ ಎಷ್ಟರಲ್ಲಿ ವೈರಸ್ ಇರುತ್ತದೆ ಅಂತ ಲೆಕ್ಕ ಇಟ್ಟಿಲ್ಲ, ಆದರೆ ವಾರಕ್ಕೆ ಒಂದಾದರೂ ಇದ್ದೇ ಇರುತ್ತದೆ. ಊರಿನ ಬಸ್‌ಸ್ಟ್ಯಾಂಡ್ ಇದ್ದ ಹಾಗೆ ನಮ್ಮ ಯುಎಸ್‌ಬಿ ಪೋರ್ಟು, ಯಾರು ಬೇಕಾದರೂ ಬಂದು ಇಳಿಯುತ್ತಾರೆ.

ಇಂಥ ಕಡೆ ಮೂರು ವರ್ಷದಿಂದ ಒಂದು ರೂಪಾಯಿಯನ್ನೂ ಆ್ಯಂಟಿವೈರಸ್‌ಗೆ ಕೊಡದೆ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಒಂದನ್ನೇ ನಂಬಿ ಕೆಲಸ ಮಾಡಿದ್ದೇನೆ. ಈಗ ಅದರ ಪೂರ್ತಿ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್ ಆ್ಯಂಟಿವೈರಸ್, ನಾವೆಲ್ಲ ಡಿಫೆಂಡರ್ ಅಂತಲೇ ಕರೆಯುವುದು. "ಯಾವ ಆ್ಯಂಟಿವೈರಸ್ ಹಾಕಿಸಲಿ ಸಾರ್?" ಅಂತ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ, ಪ್ರತಿಯೊಬ್ಬರಿಗೂ ಕೌಂಟರ್ ಆಚೆಯಿಂದ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮನೆಗೆ, ಸಣ್ಣ ಅಂಗಡಿಗೆ ಇದು ಸಾಕು. ಆದರೆ ಬಂದ ಹಾಗೇ ಬಿಟ್ಟರೆ ಸಾಲದು, ಒಂದೆರಡು ಕಡೆ ನಾವೇ ಚಿಲಕ ಹಾಕಬೇಕು. ಅದಕ್ಕಿಂತ ಮುಖ್ಯ, ಅದನ್ನು ನಾವೇ ಆಫ್ ಮಾಡಬಾರದು. ನಾನು ನೋಡಿದ ದೊಡ್ಡ ನಷ್ಟ ಆಫ್ ಮಾಡಿದ್ದರಿಂದಲೇ ಆಗಿದ್ದು.

ನಮ್ಮ ಕಾಂಪ್ಲೆಕ್ಸ್‌ನಲ್ಲೇ ಒಬ್ಬ ಸ್ನೇಹಿತನ ಫೋಟೋ ಸ್ಟುಡಿಯೋ ಇದೆ. ಮದುವೆ ಸೀಸನ್‌ನಲ್ಲಿ ಅವನಿಗೆ ಊಟಕ್ಕೂ ಬಿಡುವಿರುವುದಿಲ್ಲ. ಆಲ್ಬಂ ಡಿಸೈನ್ ಮಾಡುವ ಒಂದು ಸಾಫ್ಟ್‌ವೇರ್‌ನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಪ್ರತಿ, ಯಾರೋ ಕಳಿಸಿದರು. ಅದರ ಜೊತೆ ಒಂದು ಸಣ್ಣ ನೋಟ್‌ಪ್ಯಾಡ್ ಫೈಲು. "ಮೊದಲು ಆ್ಯಂಟಿವೈರಸ್ ಆಫ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ" ಅಂತ ಅದರಲ್ಲಿ ಬರೆದಿತ್ತು. ಅವನು ಹಾಗೇ ಮಾಡಿದ. ಎಲ್ಲರೂ ಹಾಗೇ ಮಾಡುತ್ತಾರೆ, ಅವನೊಬ್ಬನ ತಪ್ಪಲ್ಲ. ಸಂಜೆ ಹೊತ್ತಿಗೆ ಡಿ ಡ್ರೈವ್‌ನಲ್ಲಿದ್ದ ಪ್ರತಿ ಫೋಟೋ, ಪ್ರತಿ ವಿಡಿಯೋದ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕಕ್ಷರ ಅಂಟಿಕೊಂಡಿತ್ತು. ಯಾವುದೂ ತೆರೆಯುತ್ತಿಲ್ಲ. ಫೋಲ್ಡರ್ ಫೋಲ್ಡರಿನಲ್ಲೂ ರೀಡ್‌ಮಿ ಅಂತ ಒಂದು ಫೈಲು. 980 ಡಾಲರ್ ಕೊಟ್ಟರೆ ಫೈಲು ವಾಪಸ್, 72 ಗಂಟೆಯೊಳಗೆ ಮಾತಾಡಿದರೆ ಅರ್ಧ ಬೆಲೆ, 490 ಡಾಲರ್. ಓದಿ ಅವನ ಮುಖ ಬಿಳಿಚಿಕೊಂಡಿತು. ಅದರಲ್ಲಿ ಆರು ಮದುವೆಗಳ ಕೆಲಸ ಇತ್ತು.

ಅದು ಸ್ಟಾಪ್ ಅಥವಾ ಡಿಜೆವಿಯು ಅನ್ನುವ ಹೆಸರಿನ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್. ಕ್ರ್ಯಾಕ್, ಕಳ್ಳ ಲೈಸೆನ್ಸ್ ನಂಬರ್ ಕೊಡುವ ಕೀಜೆನ್‌ಗಳ ಒಳಗೆ ಅಡಗಿಕೊಂಡು ಬರುವುದೇ ಇದರ ಮುಖ್ಯ ದಾರಿ. ದೊಡ್ಡ ಕಂಪನಿಗಳನ್ನು ಹುಡುಕಿಕೊಂಡು ಹೋಗುವ ಜಾತಿಯದ್ದಲ್ಲ ಇದು, ನಮ್ಮ ನಿಮ್ಮಂಥವರ ಮನೆ ಅಂಗಡಿಗಳಿಗೇ ಬರುತ್ತದೆ. ಹಣ ಕೊಡುವುದು ಬೇಡ, ಕೊಟ್ಟರೂ ಬರುತ್ತದೆ ಅನ್ನುವ ಗ್ಯಾರಂಟಿ ಏನು ಅಂತ ಅವನಿಗೆ ಹೇಳಿ, ಎಂಸಿಸಾಫ್ಟ್ ಅನ್ನುವ ಆ್ಯಂಟಿವೈರಸ್ ಕಂಪನಿಯವರು ಉಚಿತವಾಗಿ ಕೊಡುವ, ಬೀಗ ಬಿಡಿಸುವ ಟೂಲ್ ಹಾಕಿ ನೋಡಿದೆವು. ಅದು ಹಳೆಯ ತಳಿಗಳಿಗೆ ಮತ್ತು ಆಫ್‌ಲೈನ್ ಕೀ (ಇಂಟರ್ನೆಟ್ ಸಿಗದಾಗ ವೈರಸ್ ತನ್ನೊಳಗಿನಿಂದಲೇ ಬಳಸುವ ಕೀಲಿ) ಬಳಸಿದ ಕೆಲವಕ್ಕೆ ಮಾತ್ರ ಆಗುತ್ತದೆ, ಇವನದಕ್ಕೆ ಆಗಲಿಲ್ಲ. ಆದರೆ ಒಂದು ವಿಷಯ ಗೊತ್ತಾಯಿತು. ಈ ವೈರಸ್ ಬೇಗ ಕೆಲಸ ಮುಗಿಸುವ ಆತುರಕ್ಕೆ ಪ್ರತಿ ಫೈಲಿನ ಮೊದಲ 150 ಕೆಬಿ ಮಾತ್ರ ಕೆಡಿಸುತ್ತದೆ. ನೋಟ್‌ಪ್ಯಾಡ್ ಫೈಲು, ವರ್ಡ್ ಫೈಲಿಗೆ ಅಷ್ಟೇ ಸಾಕು, ಹೋಯಿತು. ಎರಡು ಮೂರು ಜಿಬಿಯ ಮದುವೆ ವಿಡಿಯೋಗೆ ಅದು ತಲೆಯ ಒಂದು ಚೂರು ಅಷ್ಟೇ. ರಿಪೇರಿ ಟೂಲ್‌ಗೆ ಅದೇ ಕ್ಯಾಮೆರಾದ ಒಂದು ಸರಿಯಾದ ವಿಡಿಯೋ ಮಾದರಿಗೆ ಕೊಟ್ಟು ಕೂತು ಬಹಳಷ್ಟು ವಿಡಿಯೋ ಉಳಿಸಿದೆವು. ಎರಡು ಮದುವೆಯ ಫೋಟೋಗಳು ಮೆಮೊರಿ ಕಾರ್ಡಿನಲ್ಲೇ ಇದ್ದವು, ಪುಣ್ಯಕ್ಕೆ ಫಾರ್ಮ್ಯಾಟ್ ಹೊಡೆದಿರಲಿಲ್ಲ. ಉಳಿದ ಕೆಲವು ಮನೆಯವರಿಗೆ ಅವನು ಹೋಗಿ ಕೈಮುಗಿದು ಹೇಳಬೇಕಾಯಿತು. ಮುಹೂರ್ತದ ಫೋಟೋ ಮತ್ತೆ ತೆಗೆಯೋಕಾಗುತ್ತಾ ಹೇಳಿ? ಆ ದಿನ ಅವನ ಪಕ್ಕ ಕೂತಿದ್ದವನು ನಾನು. ನನ್ನ ಅಂಗಡಿಯ ಮೂರೂ ಮೆಷಿನ್ನನ್ನು ಸರಿಯಾಗಿ ನೋಡಿದ್ದು ಅವತ್ತೇ ರಾತ್ರಿ.

ನೋಡಿದರೆ ಏನಿತ್ತು ಗೊತ್ತಾ? ಒಂದು ಕಂಪ್ಯೂಟರನ್ನು ಹಿಂದೆ ಯಾವುದೋ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದೆ. ವಿಂಡೋಸ್ ಅವರೇ ಹಾಕಿಕೊಟ್ಟಿದ್ದರು, ಆ್ಯಕ್ಟಿವೇಟ್ ಕೂಡ ಮಾಡಿಕೊಟ್ಟಿದ್ದರು. ವಿಂಡೋಸ್ ಸೆಕ್ಯುರಿಟಿ ತೆರೆದರೆ ಎಲ್ಲದಕ್ಕೂ ಹಸಿರು ಟಿಕ್. ಆದರೆ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಮ್ಯಾನೇಜ್ ಸೆಟ್ಟಿಂಗ್ಸ್, ಅದರ ಕೆಳತುದಿಯಲ್ಲಿ ಎಕ್ಸ್‌ಕ್ಲೂಷನ್ಸ್ ಅಂತ ಒಂದಿರುತ್ತದೆ, ಅದನ್ನು ತೆರೆದರೆ ಪಟ್ಟಿಯಲ್ಲಿ ಪೂರ್ತಿ ಸಿ ಡ್ರೈವ್ ಹೆಸರೇ ಇತ್ತು. ಎಕ್ಸ್‌ಕ್ಲೂಷನ್ ಅಂದರೆ "ಇದನ್ನು ಮುಟ್ಟಬೇಡ, ನೋಡಲೂ ಬೇಡ" ಅಂತ ಡಿಫೆಂಡರ್‌ಗೆ ಹೇಳುವುದು. ಕಳ್ಳ ಆ್ಯಕ್ಟಿವೇಟರ್ ಹಾಕುವಾಗ ಡಿಫೆಂಡರ್ ಅದನ್ನು ಆಟೋಕೆಎಂಎಸ್ ಅನ್ನುವ ಹೆಸರಿನಲ್ಲಿ ಹಿಡಿಯುತ್ತದೆ, ಅದು ಹಿಡಿಯದೇ ಇರಲಿ ಅಂತ ಯಾರೋ ಇಡೀ ಮನೆಗೇ ವಿನಾಯಿತಿ ಕೊಟ್ಟುಬಿಟ್ಟಿದ್ದರು. ಅಷ್ಟು ದಿನ ಬಾಗಿಲಲ್ಲಿ ಕಾವಲುಗಾರ ಇದ್ದ, ಒಳಗೆ ಹೋದವರ ಕಡೆ ತಿರುಗಿ ನೋಡಬಾರದು ಅಂತ ಅವನಿಗೆ ಹೇಳಿ ಕೂರಿಸಿದ್ದರು.

ನೀವು ಈ ಬರಹದಿಂದ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಆ ಪಟ್ಟಿ ತೆರೆದು ನೋಡಿ. ಸಾಮಾನ್ಯ ಮನೆಯ ಕಂಪ್ಯೂಟರಿನಲ್ಲಿ ಅದು ಖಾಲಿ ಇರಬೇಕು. ನೀವು ಹಾಕದೇ ಇರುವುದು ಏನಾದರೂ ಇದ್ದರೆ ತೆಗೆದುಹಾಕಿ, ಆಮೇಲೆ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಪುಟಕ್ಕೆ ವಾಪಸ್ ಬಂದು, ಸ್ಕ್ಯಾನ್ ಆಪ್ಷನ್ಸ್ ಒಳಗೆ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವುದಕ್ಕೆ ಮೊದಲೇ ಹುಡುಕುತ್ತದೆ. ವೈರಸ್ಸೂ ಎದ್ದಿರುವುದಿಲ್ಲ, ಅಡಗಿಕೊಳ್ಳಲು ಆಗುವುದಿಲ್ಲ. ಹೆಚ್ಚು ಕಮ್ಮಿ ಕಾಲು ಗಂಟೆ ಹಿಡಿಯುತ್ತದೆ. ನನ್ನ ಆ ಮೆಷಿನ್ನಿನಲ್ಲಿ ಎರಡು ಸಿಕ್ಕವು. ಆಮೇಲೆ ನಾನು ಅದನ್ನೂ ನಂಬದೆ ಪೂರ್ತಿ ಫಾರ್ಮ್ಯಾಟ್ ಹೊಡೆದು, ಅಸಲಿ ವಿಂಡೋಸ್ ಲೈಸೆನ್ಸ್ ಕೊಂಡು ಹಾಕಿದೆ. ಆ ದುಡ್ಡು ಕೊಡುವಾಗ ಕಷ್ಟ ಅನ್ನಿಸಿತು, ನಿಜ. ಸ್ಟುಡಿಯೋದಲ್ಲಿ ನೋಡಿದ ಮೇಲೆ ಜಾಸ್ತಿ ಅನ್ನಿಸಲಿಲ್ಲ.

"ಡಿಫೆಂಡರ್ ಎಲ್ಲಾ ವೇಸ್ಟು, ಅದು ಏನೂ ಹಿಡಿಯಲ್ಲ" ಅಂತ ಹೇಳುವವರು ಇನ್ನೂ ತುಂಬಾ ಜನ ಇದ್ದಾರೆ. ಆ ಮಾತು ಗಾಳಿಯಿಂದ ಬಂದಿದ್ದಲ್ಲ, ಒಂದು ಕಾಲಕ್ಕೆ ನಿಜವೇ ಆಗಿತ್ತು. 2006ರಲ್ಲಿ ಬಂದಾಗ ಡಿಫೆಂಡರ್ ಆ್ಯಂಟಿವೈರಸ್ಸೇ ಅಲ್ಲ, ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರ್ ಮಾತ್ರ ಹುಡುಕುತ್ತಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅಂತ ಬೇರೆಯದೊಂದು ಬಂತು. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್ ಅಂತ ಆ್ಯಂಟಿವೈರಸ್‌ಗಳಿಗೆ ಪರೀಕ್ಷೆ ಇಡುವ ಸಂಸ್ಥೆ ಇದೆ, 2012ರ ಕೊನೆಯಲ್ಲಿ ಆ ಎಸೆನ್ಷಿಯಲ್ಸ್ ಅವರ ಪರೀಕ್ಷೆಯಲ್ಲಿ ಪಾಸೇ ಆಗಲಿಲ್ಲ. ಅದೇ ವರ್ಷ ವಿಂಡೋಸ್ 8 ಜೊತೆ ಡಿಫೆಂಡರ್ ಪೂರ್ತಿ ಆ್ಯಂಟಿವೈರಸ್ ಆಯಿತು, ಆದರೆ ಕೆಲವು ವರ್ಷ ಅದರದ್ದೂ ಅದೇ ಕತೆ. ಆಗ ಬಂದ ಕೆಟ್ಟ ಹೆಸರು ಇವತ್ತಿಗೂ ಹೋಗಿಲ್ಲ. ಈಗ ಅದೇ ಎವಿ-ಟೆಸ್ಟ್‌ನಲ್ಲಿ ರಕ್ಷಣೆ, ವೇಗ, ಬಳಕೆ ಮೂರಕ್ಕೂ 6ಕ್ಕೆ 6 ಅಂಕ ಎಷ್ಟೋ ಸಲ ತೆಗೆದಿದೆ. ಹತ್ತನೇ ಕ್ಲಾಸಿನಲ್ಲಿ ಫೇಲಾದ ಹುಡುಗ ಆಮೇಲೆ ಇಂಜಿನಿಯರ್ ಆದರೂ ಊರವರು ಫೇಲಾದವನು ಅಂತಲೇ ಕರೆಯುತ್ತಾರಲ್ಲ, ಹಾಗಾಗಿದೆ ಇದಕ್ಕೆ.

ಪರೀಕ್ಷೆಯ ಅಂಕ ಬಿಡಿ, ಕೌಂಟರ್‌ನಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಕಳೆದ ತಿಂಗಳು ಬಿಕಾಂ ಹುಡುಗಿಯೊಬ್ಬಳು ಪೆನ್‌ಡ್ರೈವ್ ಕೊಟ್ಟಳು. ಚುಚ್ಚಿ ತೆರೆದೆ. ಒಳಗೆ ಅವಳ ಫೋಲ್ಡರುಗಳು ಒಂದೂ ಇಲ್ಲ. ಪೆನ್‌ಡ್ರೈವಿನ ಹೆಸರಿನದೇ ಒಂದು ಐಕಾನ್, ಎಡಮೂಲೆಯಲ್ಲಿ ಸಣ್ಣ ಬಾಣದ ಗುರುತು. ಶಾರ್ಟ್‌ಕಟ್ ವೈರಸ್ ಅಂತ ನಾವೆಲ್ಲ ಕರೆಯುವುದು ಇದನ್ನೇ. ಪೆನ್‌ಡ್ರೈವ್ ಸರಿಯಾಗಿ ತೆರೆದಿಲ್ಲ ಅಂದುಕೊಂಡು ಜನ ಆ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡುತ್ತಾರೆ. ಆ ಕ್ಲಿಕ್ಕು ಎರಡು ಕೆಲಸ ಮಾಡುತ್ತದೆ, ಹಿಂದಿನಿಂದ ಒಂದು ಸ್ಕ್ರಿಪ್ಟ್ ಓಡಿಸುತ್ತದೆ, ಮುಂದಿನಿಂದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಫೈಲು ಕಂಡಿತಲ್ಲ ಅಂತ ಜನ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ವೈರಸ್ ಕಂಪ್ಯೂಟರಿಗೆ ಇಳಿದು, ಮುಂದೆ ಬರುವ ಪ್ರತಿ ಪೆನ್‌ಡ್ರೈವ್‌ಗೂ ಹತ್ತಲು ತಯಾರಾಗಿ ಕೂತಿರುತ್ತದೆ. ಒಂದು ಝೆರಾಕ್ಸ್ ಅಂಗಡಿಗೆ ಇದು ಹತ್ತಿದರೆ ವಾರದಲ್ಲಿ ಇಡೀ ಕಾಲೇಜಿಗೆ ಹಂಚುತ್ತೇವೆ, ನಮಗೆ ಗೊತ್ತೇ ಇಲ್ಲದ ಹಾಗೆ. ಆ ಭಯ ನನಗೆ ಯಾವಾಗಲೂ ಇದೆ.

ನಾನು ಕ್ಲಿಕ್ ಮಾಡುವ ಮೊದಲೇ ಬಲಗಡೆ ಕೆಳಗೆ "ಥ್ರೆಟ್ಸ್ ಫೌಂಡ್" ಅಂತ ಡಿಫೆಂಡರ್‌ನ ಚೀಟಿ ಮೇಲೆದ್ದಿತು. ಪ್ರೊಟೆಕ್ಷನ್ ಹಿಸ್ಟರಿ ತೆರೆದರೆ ವರ್ಮ್ (ತಾನಾಗಿಯೇ ಹರಡುವ ಜಾತಿ) ಅಂತ ಹೆಸರು, ಯಾವ ಡ್ರೈವ್, ಯಾವ ಫೈಲು ಎಲ್ಲ ಬರೆದಿತ್ತು. ಕ್ವಾರಂಟೈನ್ ಆಗಿತ್ತು, ಅಂದರೆ ಓಡದ ಹಾಗೆ ಬೇರೆ ಕಡೆ ಕೂಡಿಹಾಕಿತ್ತು. ಹುಡುಗಿ ಮಾತ್ರ ಅಳುವ ಹಾಗಾಗಿದ್ದಳು. "ಅಣ್ಣಾ, ನಾಳೆ ಸಬ್ಮಿಷನ್, ಫೈಲೇ ಹೋಯ್ತಾ?" ಹೋಗಿರಲಿಲ್ಲಮ್ಮ ಅಂತ ಹೇಳಿ ತೋರಿಸಿದೆ. ಈ ವೈರಸ್ ಫೈಲು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಹೆಸರೇ ಇಲ್ಲದ ಒಂದು ಫೋಲ್ಡರ್ ಮಾಡಿ, ಹೆಸರಿನ ಜಾಗಕ್ಕೆ ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರ ಹಾಕಿ, ಎಲ್ಲವನ್ನೂ ಅದರೊಳಗೆ ತುಂಬಿ, ಅದಕ್ಕೆ ಹಿಡನ್ ಮತ್ತು ಸಿಸ್ಟಮ್ ಅನ್ನುವ ಎರಡು ಗುರುತು ಹಾಕಿಬಿಡುತ್ತದೆ. ಬರೀ ಹಿಡನ್ ಆಗಿದ್ದರೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದರೆ ಕಾಣುತ್ತಿತ್ತು, ಸಿಸ್ಟಮ್ ಗುರುತೂ ಇರುವುದರಿಂದ ಕಾಣುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಟ್ರಿಬ್ ಅನ್ನುವ ಕಮಾಂಡ್ ಕೊಟ್ಟು ಆ ಎರಡೂ ಗುರುತು ತೆಗೆದರೆ ಫೋಲ್ಡರ್ ಕಣ್ಣಿಗೆ ಬೀಳುತ್ತದೆ. ಎಲ್ಲ ಫೈಲು ಒಳಗೇ ಇತ್ತು. ಎರಡು ಕಾಪಿ ತೆಗೆದು, ಸ್ಪೈರಲ್ ಹಾಕಿ ಕೊಟ್ಟು ಕಳಿಸಿದೆ. ಎಲ್ಲಿ ಹತ್ತಿತು ಅಂತ ಕೇಳಿದರೆ ಕಾಲೇಜ್ ಲ್ಯಾಬ್ ಅಂದಳು, ಅಲ್ಲೂ ಹೇಳಮ್ಮ ಅಂದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಡಿಫೆಂಡರ್‌ನ ಫುಲ್ ಸ್ಕ್ಯಾನ್ ಕೊಟ್ಟರೆ ಪೆನ್‌ಡ್ರೈವೂ ಸೇರಿ ಸ್ಕ್ಯಾನ್ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ, ಅದು ಬಂದ ಸ್ಥಿತಿಯಲ್ಲಿ ಫುಲ್ ಸ್ಕ್ಯಾನ್ ಪೆನ್‌ಡ್ರೈವ್‌ಗಳನ್ನು ಬಿಟ್ಟುಬಿಡುತ್ತದೆ. ಫೈಲು ತೆರೆಯುವಾಗ, ಓಡಿಸುವಾಗ ಹಿಡಿಯುತ್ತದೆ, ಆದರೆ ಅಲ್ಲಿಯವರೆಗೆ ಕಾಯುವುದು ಯಾಕೆ? ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಕೊಡಿ. ನಮ್ಮ ಅಂಗಡಿಯ ಹುಡುಗನಿಗೆ ಇದನ್ನು ರೂಢಿ ಮಾಡಿಸಿದ್ದೇನೆ, ಗಿರಾಕಿ ಎಷ್ಟೇ ಅವಸರ ಮಾಡಿದರೂ ಮೊದಲು ಸ್ಕ್ಯಾನ್, ಆಮೇಲೆ ತೆರೆಯೋದು.

ಡಿಫೆಂಡರ್ ನಿಜಕ್ಕೂ ಎಚ್ಚರ ಇದೆಯಾ ಅಂತ ನೋಡಲು ಅಪಾಯ ಇಲ್ಲದ ಒಂದು ದಾರಿ ಇದೆ. ಐಕಾರ್ ಅಂತ ಯುರೋಪಿನ ಒಂದು ಸಂಸ್ಥೆ 68 ಅಕ್ಷರಗಳ ಒಂದು ಸಾಲು ಮಾಡಿಟ್ಟಿದೆ. ಅದು ವೈರಸ್ ಅಲ್ಲ, ಏನೂ ಮಾಡುವುದಿಲ್ಲ, ಆದರೆ ಅದನ್ನು ಕಂಡರೆ ವೈರಸ್ ಕಂಡ ಹಾಗೆ ಕೂಗಬೇಕು ಅಂತ ಹೆಚ್ಚುಕಮ್ಮಿ ಎಲ್ಲ ಆ್ಯಂಟಿವೈರಸ್ ಕಂಪನಿಗಳೂ ಒಪ್ಪಿಕೊಂಡಿವೆ. ಆ ಸಂಸ್ಥೆಯ ವೆಬ್‌ಸೈಟಿನಿಂದ ಆ ಸಾಲನ್ನು ನೋಟ್‌ಪ್ಯಾಡಿಗೆ ಹಾಕಿ ಸೇವ್ ಕೊಟ್ಟೆ. ಮೂರು ನಾಲ್ಕು ಸೆಕೆಂಡು ಆಗಿರಬಹುದು, ಚೀಟಿ ಮೇಲೆದ್ದಿತು, ಫೋಲ್ಡರ್ ನೋಡಿದರೆ ಫೈಲೇ ಇಲ್ಲ. ಫಾರ್ಮ್ಯಾಟ್ ಹೊಡೆಯುವ ಮೊದಲು ಅದೇ ಹಳೇ ಮೆಷಿನ್ನಿನಲ್ಲಿ, ಎಕ್ಸ್‌ಕ್ಲೂಷನ್ ಇದ್ದಾಗಲೂ ಇದನ್ನೇ ಮಾಡಿ ನೋಡಿದ್ದೆ. ಫೈಲು ಸುಖವಾಗಿ ಕೂತೇ ಇತ್ತು. ಹಸಿರು ಟಿಕ್ ಕೂಡ ಹಾಗೇ ಇತ್ತು.

ಈಗ ನಾವೇ ಹಾಕಬೇಕಾದ ಚಿಲಕದ ವಿಷಯ. ರ‍್ಯಾನ್ಸಮ್‌ವೇರ್ ತಡೆಯಲು ಡಿಫೆಂಡರ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಒಂದು ಸೌಲಭ್ಯ 2017ರಿಂದ ಇದೆ. ನಂಬಿಕೆಗೆ ಪಾತ್ರವಲ್ಲದ ಯಾವ ಪ್ರೋಗ್ರಾಮೂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಫೋಲ್ಡರಿನ ಫೈಲು ತಿದ್ದಲು ಬಿಡುವುದಿಲ್ಲ. ನನ್ನ ಸ್ನೇಹಿತನಿಗೆ ಆದಂಥದ್ದನ್ನು ತಡೆಯಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಆಫ್ ಆಗಿಯೇ ಬರುತ್ತದೆ, ಹೀಗೊಂದು ಇದೆ ಅಂತಲೇ ಜನಕ್ಕೆ ಗೊತ್ತಿಲ್ಲ. ಇನ್ನೊಂದು, ನಮ್ಮ ಕಡೆ ಡಿಟಿಪಿಯವರು, ಸ್ಟುಡಿಯೋದವರು ಎಲ್ಲರೂ ಕೆಲಸ ಇಡುವುದು ಡಿ ಡ್ರೈವ್‌ನಲ್ಲಿ. ಆ ಫೋಲ್ಡರುಗಳನ್ನು ನಾವೇ ಪಟ್ಟಿಗೆ ಸೇರಿಸಬೇಕು, ಅದಾಗಿ ಅದು ಸೇರುವುದಿಲ್ಲ.

ಇದನ್ನು ಆನ್ ಮಾಡಿದರೆ ಮೊದಲ ಒಂದು ವಾರ ತಾಳ್ಮೆ ಬೇಕು, ಮೊದಲೇ ಹೇಳಿಬಿಡುತ್ತೇನೆ. ಹಳೇ ಪ್ರೋಗ್ರಾಮುಗಳನ್ನು ಇದು ಗುರುತಿಸುವುದಿಲ್ಲ. ಪೇಜ್‌ಮೇಕರ್‌ನಂಥ ಇಪ್ಪತ್ತು ವರ್ಷದ ಹಿಂದಿನ ಸಾಫ್ಟ್‌ವೇರಿನಲ್ಲಿ ಲಗ್ನಪತ್ರಿಕೆ ಮಾಡಿ ಸೇವ್ ಕೊಟ್ಟರೆ ಸೇವ್ ಆಗದೇ ಇರಬಹುದು, ಮೂಲೆಯಲ್ಲಿ "ತಡೆಯಲಾಗಿದೆ" ಅನ್ನುವ ಚೀಟಿ ಬರುತ್ತದೆ. ಆಗ ಸಿಟ್ಟು ಮಾಡಿಕೊಂಡು ಇಡೀ ಸೌಲಭ್ಯವನ್ನೇ ಆಫ್ ಮಾಡಬೇಡಿ. ಅಲ್ಲೇ ಅಲೋ ಆ್ಯನ್ ಆ್ಯಪ್ ಅಂತ ಇದೆ, ಆ ಒಂದು ಪ್ರೋಗ್ರಾಮಿಗೆ ಮಾತ್ರ ಒಪ್ಪಿಗೆ ಕೊಡಿ. ಒಂದು ಸಲ ಕೊಟ್ಟರೆ ಮುಗಿಯಿತು. ಹಾಗೇ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ, ವೈರಸ್ಸೇ ಬಂದು ಡಿಫೆಂಡರ್ ಆಫ್ ಮಾಡುವುದನ್ನು ಅದು ತಡೆಯುತ್ತದೆ. ರೆಪ್ಯುಟೇಷನ್ ಸೆಟ್ಟಿಂಗ್ಸ್‌ನಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವುದೂ ಆನ್ ಇರಲಿ. ಉಚಿತ ಪಿಡಿಎಫ್ ಕನ್ವರ್ಟರ್ ಹಾಕಿದರೆ ಅದರ ಜೊತೆ ನಾಲ್ಕು ಕಸ ಬರುತ್ತದಲ್ಲ, ಅವು ವೈರಸ್ ಅಲ್ಲ, ಆದರೆ ಬ್ರೌಸರ್ ಕೆಡಿಸುತ್ತವೆ. ಅವಕ್ಕೆ ಇದು.

ತೊಂದರೆಗಳೂ ಇವೆ. ಹಳೇ ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಡಿಫೆಂಡರ್ ಭಾರ. ಟಾಸ್ಕ್ ಮ್ಯಾನೇಜರ್ ತೆರೆದರೆ ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಅನ್ನುವುದು ಡಿಸ್ಕನ್ನು ಹಿಡಿದು ಕೂತಿರುವುದು ಕಾಣುತ್ತದೆ. ಸಾವಿರಾರು ಸಣ್ಣ ಫೈಲು ಕಾಪಿ ಮಾಡುವಾಗ ಒಂದೊಂದನ್ನೂ ತಡವಿ ನೋಡುತ್ತದೆ, ನಿಧಾನ ಆಗುತ್ತದೆ. ಎಸ್‌ಎಸ್‌ಡಿ, ಅಂದರೆ ವೇಗದ ಹೊಸ ಬಗೆಯ ಡಿಸ್ಕ್, ಹಾಕಿಸಿದ ಮೇಲೆ ನನಗೆ ಗಮನಕ್ಕೇ ಬರುತ್ತಿಲ್ಲ. ದಿನಾ ಫುಲ್ ಸ್ಕ್ಯಾನ್ ಕೊಡಬೇಕಾಗಿಲ್ಲ, ಕ್ವಿಕ್ ಸ್ಕ್ಯಾನ್ ಸಾಕು, ಅದು ತಾನಾಗಿಯೇ ಮಾಡಿಕೊಳ್ಳುತ್ತದೆ.

ಇನ್ನೊಂದು ದೌರ್ಬಲ್ಯ ನಮ್ಮಂಥ ಊರಿಗೆ ಮುಖ್ಯವಾದದ್ದು. ಡಿಫೆಂಡರ್‌ನ ಅರ್ಧ ಬುದ್ಧಿ ಇಂಟರ್ನೆಟ್ ಆಚೆ ಇದೆ. ಗುರುತಿಲ್ಲದ ಫೈಲು ಸಿಕ್ಕರೆ ಮೈಕ್ರೋಸಾಫ್ಟ್ ಸರ್ವರನ್ನು ಕೇಳಿ ತೀರ್ಮಾನ ಮಾಡುತ್ತದೆ. ಇಂಟರ್ನೆಟ್ ಇಲ್ಲದಾಗ ಹಿಡಿಯುವುದು ಕಡಿಮೆ ಅಂತ ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಅನ್ನುವ ಸಂಸ್ಥೆಯ ಪರೀಕ್ಷೆಗಳಲ್ಲೂ ಕಂಡಿದೆ. ಕರೆಂಟ್ ಹೋಗಿ ರೂಟರ್ ಆಫ್ ಆಗಿ, ಕಂಪ್ಯೂಟರ್ ಮಾತ್ರ ಯುಪಿಎಸ್ ಮೇಲೆ ಓಡುತ್ತಿರುತ್ತದಲ್ಲ, ಆ ಹೊತ್ತಿನಲ್ಲಿ ನಾವು ಹೊಸ ಪೆನ್‌ಡ್ರೈವ್ ಹಾಕುವುದಿಲ್ಲ. ರೂಟರ್‌ಗೂ ಒಂದು ಸಣ್ಣ ಯುಪಿಎಸ್ ಹಾಕಿದ್ದೇನೆ ಈಗ.

ಡಿಫೆಂಡರ್ ಅಷ್ಟೇ ಅಲ್ಲ, ಯಾವ ಆ್ಯಂಟಿವೈರಸ್ಸೂ ಸರಿಯಾಗಿ ತಡೆಯದ ಒಂದು ಜಾತಿ ಇದೆ. ನಿಮ್ಮ ಕೈಯಿಂದಲೇ ಮಾಡಿಸುವವು. ಕಂಪ್ಯೂಟರಿನ ಮೂಲೆಯಲ್ಲಿ "ನಿಮ್ಮ ಸಿಸ್ಟಮ್‌ನಲ್ಲಿ 5 ವೈರಸ್ ಇದೆ, ಕೂಡಲೇ ರಿನ್ಯೂ ಮಾಡಿ" ಅಂತ ಹೆಸರಾಂತ ಆ್ಯಂಟಿವೈರಸ್‌ನ ಗುರುತು ಹಾಕಿಕೊಂಡು ಚೀಟಿ ಬರುತ್ತಿದೆ ಅಂತ ವಾರಕ್ಕೊಬ್ಬರು ಲ್ಯಾಪ್‌ಟಾಪ್ ತರುತ್ತಾರೆ. ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಫೈಲೇ ಇಲ್ಲ. ಯಾವಾಗಲೋ ಸಿನಿಮಾ ಡೌನ್‌ಲೋಡ್ ಸೈಟಿನಲ್ಲಿ ಅಲೋ ಅಂತ ಒತ್ತಿರುತ್ತಾರೆ, ಆ ಸೈಟಿಗೆ ನೋಟಿಫಿಕೇಷನ್ ಕಳಿಸಲು ಒಪ್ಪಿಗೆ ಸಿಕ್ಕಿರುತ್ತದೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್‌ಗೆ ಹೋಗಿ ಆ ಸೈಟನ್ನು ತೆಗೆದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಪರದೆ ತುಂಬ ಕೆಂಪು ಬಂದು, ಜೋರಾಗಿ ಸೈರನ್ ಹೊಡೆದು, "ಮೈಕ್ರೋಸಾಫ್ಟ್‌ಗೆ ಈ ನಂಬರಿಗೆ ಫೋನ್ ಮಾಡಿ" ಅನ್ನುವುದೂ ಬರೀ ಒಂದು ವೆಬ್ ಪುಟವೇ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಯಾವತ್ತೂ ಫೋನ್ ನಂಬರ್ ಕೊಡುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮುಚ್ಚಿ, ಸಾಕು.

ಈಚೆಗೆ ಬಂದಿರುವುದು ಇದಕ್ಕಿಂತ ಕೆಟ್ಟದ್ದು. ಒಬ್ಬ ಹುಡುಗ ನಮ್ಮ ಮೆಷಿನ್ನಿನಲ್ಲೇ ಯಾವುದೋ ಪುಸ್ತಕದ ಪಿಡಿಎಫ್ ಹುಡುಕುತ್ತಿದ್ದ. ನೀವು ರೋಬೋ ಅಲ್ಲ ಅಂತ ತೋರಿಸಿ ಅಂತ ಒಂದು ಪುಟ ಬಂತು. ಅದನ್ನು ಒತ್ತಿದರೆ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅಂತ ಮೂರು ಹೆಜ್ಜೆ. ಅವನು ಮೊದಲನೆಯದನ್ನು ಒತ್ತಿದ್ದ. ಎಡಗಡೆ ಕೆಳಗೆ ರನ್ ಡಬ್ಬಿ ತೆರೆದಿದ್ದನ್ನು ನಾನು ಪಕ್ಕದಿಂದ ನೋಡಿ "ತಡೀ ತಡೀ, ಕೈ ತೆಗಿಯಪ್ಪಾ" ಅಂತ ಕೂಗಿಬಿಟ್ಟೆ. ಆ ಪುಟ ಮೊದಲ ಕ್ಲಿಕ್ಕಿನಲ್ಲೇ ಒಂದು ಕಮಾಂಡನ್ನು ಸದ್ದಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ಕಂಟ್ರೋಲ್ ವಿ, ಎಂಟರ್ ಅಂದರೆ ಆ ಕಮಾಂಡನ್ನು ನೀವೇ ಓಡಿಸಿದ ಹಾಗೆ. ಅದು ತರುವುದು ಹೆಚ್ಚಾಗಿ ಪಾಸ್‌ವರ್ಡ್ ಕದಿಯುವ ವೈರಸ್, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಲಾಗಿನ್ ಎಲ್ಲ ಗುಡಿಸಿಕೊಂಡು ಹೋಗುತ್ತದೆ. ಲುಮ್ಮಾ ಅನ್ನುವ ಇಂಥದ್ದೇ ಒಂದರ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶದ ಪೊಲೀಸರು ಸೇರಿ ಮುರಿದರು. ಎರಡೇ ತಿಂಗಳಲ್ಲಿ 3 ಲಕ್ಷ 94 ಸಾವಿರಕ್ಕೂ ಹೆಚ್ಚು ಕಂಪ್ಯೂಟರಿಗೆ ಅದು ಹತ್ತಿತ್ತು ಅಂತ ಮೈಕ್ರೋಸಾಫ್ಟ್ ಹೇಳಿದೆ. ಯಾವ ಅಸಲಿ ಸೈಟೂ ನಿಮಗೆ ವಿಂಡೋಸ್ ಕೀ ಮತ್ತು ಆರ್ ಒತ್ತಲು ಹೇಳುವುದಿಲ್ಲ. ಈ ಮಾತನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ಮೂರು ಮಾನಿಟರಿಗೂ ಅಂಟಿಸಿದ್ದೇನೆ. ಕನ್ನಡದಲ್ಲೇ ಇದೆ, ಬೇಕಾದವರು ಬಂದು ಒಂದು ಕಾಪಿ ತೆಗೆದುಕೊಂಡು ಹೋಗಬಹುದು.

ಹಾಗಾದರೆ ದುಡ್ಡು ಕೊಟ್ಟು ತರುವ ಆ್ಯಂಟಿವೈರಸ್ ಬೇಡವೇ ಬೇಡವಾ? ಹತ್ತಿಪ್ಪತ್ತು ಕಂಪ್ಯೂಟರಿನ ಆಫೀಸು, ಸೊಸೈಟಿ, ಶಾಲೆ ಆಗಿದ್ದರೆ ಒಂದೇ ಕಡೆ ಕೂತು ಎಲ್ಲವನ್ನೂ ನೋಡಿಕೊಳ್ಳುವ ಸೌಲಭ್ಯ ಬೇಕಾಗುತ್ತದೆ, ಅಂಥವರು ಕೊಳ್ಳಲಿ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ ಇವೆ. ಮನೆಗೆ ನಾನು ಹೇಳುವುದಿಲ್ಲ. ಹೊಸ ಲ್ಯಾಪ್‌ಟಾಪಿನ ಜೊತೆ ಟ್ರಯಲ್ ಆ್ಯಂಟಿವೈರಸ್ ಬಂದಿದ್ದರೆ ಅದು ಇರುವವರೆಗೆ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಅವಧಿ ಮುಗಿದ ಮೇಲೆ ಸುಮ್ನೆ ಬಿಡಬೇಡಿ, ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ತಾನಾಗಿ ಎದ್ದು ನಿಲ್ಲುತ್ತದೆ. ಎರಡೆರಡು ಆ್ಯಂಟಿವೈರಸ್ ಹಾಕಿದರೆ ಜಾಸ್ತಿ ರಕ್ಷಣೆ ಅನ್ನುವುದೂ ಸುಳ್ಳು, ಒಂದನ್ನೊಂದು ಎಳೆದಾಡುತ್ತವೆ. ಅನುಮಾನ ಬಂದಾಗ ಎರಡನೇ ಅಭಿಪ್ರಾಯ ಬೇಕಾದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇದೆ, ಡೌನ್‌ಲೋಡ್ ಮಾಡಿದ 10 ದಿನ ಓಡುತ್ತದೆ, ಆಮೇಲೆ ಹೊಸದು ತರಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ವೈರಸ್ ತೆಗೆಯುವ ಉಚಿತ ಟೂಲ್‌ಗಳು ಸಿಗುತ್ತವೆ. ನಮ್ಮ ತೆರಿಗೆ ದುಡ್ಡಿನದು, ಬಳಸಿ.

ಫೋನಿಗೆ ಇದ್ಯಾವುದೂ ಅನ್ವಯ ಆಗುವುದಿಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲು (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು) ಬಂದರೆ, ಕಳಿಸಿದವರು ಸ್ವಂತ ಮಾವನೇ ಆಗಿದ್ದರೂ ಒತ್ತಬೇಡಿ. ಮಾವನ ಫೋನು ಆಗಲೇ ಬೇರೆಯವರ ಕೈಯಲ್ಲಿ ಇರಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ ವಿಂಡೋಸ್ 10 ಇರುವವರಿಗೆ ಒಂದು ಮಾತು, ನಮ್ಮ ಮೂರನೇ ಮೆಷಿನ್ನೂ ಅದೇ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಡಿಫೆಂಡರ್‌ಗೆ ಮಾತ್ರ ವೈರಸ್ ಪಟ್ಟಿಯ ಅಪ್‌ಡೇಟ್ 2028ರ ಅಕ್ಟೋಬರ್‌ವರೆಗೂ ಬರುತ್ತದೆ, ಹಾಗಾಗಿ ಏನೂ ತೊಂದರೆ ಇಲ್ಲ ಅಂತ ಕೆಲವರು ಹೇಳುತ್ತಿದ್ದಾರೆ. ಅದು ಸರಿಯಲ್ಲ. ಕಾವಲುಗಾರ ಇದ್ದಾನೆ ಅಂತ ಗೋಡೆಯ ತೂತು ಮುಚ್ಚದೇ ಇರುತ್ತೀರಾ? 2017ರ ಮೇ 12ಕ್ಕೆ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ನುಗ್ಗಿತು. ಯಾರೂ ಏನೂ ಕ್ಲಿಕ್ ಮಾಡಬೇಕಾಗಿರಲಿಲ್ಲ, ವಿಂಡೋಸ್‌ನ ಒಂದು ತೂತಿನಿಂದ ನೆಟ್‌ವರ್ಕ್ ಮೂಲಕ ಒಂದರಿಂದ ಒಂದಕ್ಕೆ ಹರಿಯಿತು. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಅಪ್‌ಡೇಟ್ ಹಾಕದೇ ಇದ್ದವರು ಸಿಕ್ಕಿಬಿದ್ದರು.

ನನ್ನ ಆ ಮೆಷಿನ್ ನಾಲ್ಕನೇ ಪೀಳಿಗೆಯ ಐ3, ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಸದ್ಯಕ್ಕೆ ಮೈಕ್ರೋಸಾಫ್ಟ್ ಕೊಡುವ ಹೆಚ್ಚುವರಿ ಅಪ್‌ಡೇಟ್‌ಗೆ ನೋಂದಾಯಿಸಿದ್ದೇನೆ, ಅದು 2026ರ ಅಕ್ಟೋಬರ್ 13ರವರೆಗೆ. ಅದರಲ್ಲಿ ಪೆನ್‌ಡ್ರೈವ್ ಹಾಕಿಸುತ್ತಿಲ್ಲ, ಬರೀ ಸ್ಕ್ಯಾನಿಂಗ್ ಮತ್ತು ಐಡಿ ಕಾರ್ಡ್ ಪ್ರಿಂಟಿಗೆ ಇಟ್ಟಿದ್ದೇನೆ. ದಿನಾ ರಾತ್ರಿ ಶಟರ್ ಎಳೆಯುವ ಮುಂಚೆ ಮೂರೂ ಮೆಷಿನ್ನಿನ ಕೆಲಸ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ವೈರು ಕಿತ್ತು, ಮನೆಗೆ ತೆಗೆದುಕೊಂಡು ಹೋಗುತ್ತೇನೆ. ಸ್ಟುಡಿಯೋ ಸ್ನೇಹಿತನೂ ಈಗ ಅದನ್ನೇ ಮಾಡುತ್ತಾನೆ, ಅವನ ಬ್ಯಾಗಿನಲ್ಲಿ ಎರಡು ಡಿಸ್ಕ್ ಇರುತ್ತವೆ. ಹೊಸ ಮೆಷಿನ್ನಿಗೆ ದುಡ್ಡು ಕೂಡಿಸುತ್ತಿದ್ದೇನೆ. ಈ ಸಲ ಆಯುಧ ಪೂಜೆಯ ಕುಂಕುಮ ಆ ಹಳೇ ಐ3ಗೆ ಅಲ್ಲ, ಹೊಸದಕ್ಕೆ.